ಮೌಂಟನ್ ಬೈಕ್: ಹ್ಯಾಂಡಲ್‌ನ ಅಂದಕ್ಕಿಂತ ಅಗಲವೇ ಮುಖ್ಯ

ಮೌಂಟನ್ ಬೈಕ್ ಕೊಳ್ಳುವವರು ಗೇರು, ಬ್ರೇಕುಗಳನ್ನು ಕುರಿತು ವಿಚಾರಿಸುವಷ್ಟು ಹ್ಯಾಂಡಲ್ ಕುರಿತು ವಿಚಾರಿಸುವುದಿಲ್ಲ. ಆದರೆ ಕಲ್ಲು, ಬೇರುಗಳಿಂದ ತುಂಬಿದ ಇಳಿಜಾರಿನಲ್ಲಿ ಮುಂದಿನ ಚಕ್ರ ಸವಾರನ ಹಿಡಿತದಲ್ಲಿ ಉಳಿಯುವುದೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಕೊಳವೆಯನ್ನೇ ಅವಲಂಬಿಸಿದೆ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಈ ಕ್ರೀಡೆ ರೂಪುಗೊಂಡಾಗ ಸವಾರರು ಬಳಸಿದ್ದು ಮೋಟಾರ್‌ಸೈಕಲ್ ಮಾದರಿಯ ಅಗಲವಾದ ಹ್ಯಾಂಡಲ್. 1990ರ ದಶಕದ ಹೊತ್ತಿಗೆ ಅದು 560-580 ಮಿ.ಮೀ.ಗೆ ಕುಗ್ಗಿತು. ಜಾನ್ ಟೊಮಾಕ್ 1990ರಲ್ಲಿ ರಸ್ತೆ ಸೈಕಲ್‌ನ ಬಾಗಿದ ಡ್ರಾಪ್ ಹ್ಯಾಂಡಲ್‌ನಲ್ಲೇ ಬೆಟ್ಟದ ಸ್ಪರ್ಧೆಗಳಿಗೆ ಇಳಿದದ್ದೂ ಉಂಟು. ಸಾಮಾನ್ಯರಿಗೆ ಅದು ಅನುಕರಣೀಯವಲ್ಲ. ಮೌಂಟನ್ ಬೈಕಿನ ಬ್ರೇಕ್ ಲಿವರ್‌ಗಳು ಆ ಕೊಳವೆಗೆ ಕೂಡುವುದೂ ಇಲ್ಲ.

ಈಗ 740ರಿಂದ 800 ಮಿ.ಮೀ. ಅಗಲದವು ಸಾಮಾನ್ಯ. ಇದರ ಹಿಂದಿರುವುದು ಸನ್ನೆಗೋಲಿನ ತತ್ತ್ವ. 580 ಮಿ.ಮೀ. ಹ್ಯಾಂಡಲ್‌ನ ತುದಿ ನಡುವಿನಿಂದ 290 ಮಿ.ಮೀ. ದೂರದಲ್ಲಿದ್ದರೆ, 780ರದ್ದು 390 ಮಿ.ಮೀ. ದೂರದಲ್ಲಿರುತ್ತದೆ. ಕಲ್ಲಿಗೆ ಬಡಿದು ಹೊರಳುವ ಚಕ್ರವನ್ನು ತಡೆಯಲು ಕೈಗಳು ಹಾಕಬೇಕಾದ ಬಲ ಇದರಿಂದ ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ. ಹಾಗೆಂದು ಅಗಲವಾದಷ್ಟೂ ಒಳ್ಳೆಯದೆಂದಲ್ಲ. ಭುಜ ಕಿರಿದಾದವರ ತೋಳುಗಳು ನೆಟ್ಟಗೆ ಚಾಚಿಕೊಂಡು ಆಘಾತ ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಒತ್ತಾದ ಮರಗಳ ನಡುವೆ ತುದಿ ತಗುಲುವ ಭಯವೂ ಇದೆ.

ನೇರವಾದ ಫ್ಲಾಟ್ ಹ್ಯಾಂಡಲೋ, ತುದಿಗಳು ಮೇಲೆದ್ದ ರೈಸರೋ ಎಂಬ ಚರ್ಚೆಗೆ ಅಷ್ಟು ಮಹತ್ವವಿಲ್ಲ. ಫ್ಲಾಟ್ ದೇಹದ ಭಾರವನ್ನು ಮುಂದಕ್ಕೆ ತಂದು ಏರಿನಲ್ಲಿ ನೆರವಾಗುತ್ತದೆ, ರೈಸರ್ ಇಳಿಜಾರಿನಲ್ಲಿ ಧೈರ್ಯ ನೀಡುತ್ತದೆ. ಸ್ಟೆಮ್‌ನ ಕೆಳಗಿನ ಬಳೆಗಳನ್ನು ಹೆಚ್ಚುಕಡಿಮೆ ಮಾಡಿಯೂ ಎತ್ತರವನ್ನು ತಕ್ಕಮಟ್ಟಿಗೆ ಹೊಂದಿಸಬಹುದು. ಆದರೆ ಸ್ಟೆಮ್ ಹಿಡಿಯುವ ಭಾಗದ ವ್ಯಾಸ 31.8 ಮಿ.ಮೀ.ಯೋ 35 ಮಿ.ಮೀ.ಯೋ ಎಂಬುದನ್ನು ಕೊಳ್ಳುವ ಮುನ್ನ ಅಳೆಯಲೇಬೇಕು. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ.

ಅಗಲ ಹೆಚ್ಚೆನಿಸಿದರೆ ಕೊಯ್ಯಬಹುದು, ಕೊಯ್ದದ್ದನ್ನು ಮತ್ತೆ ಸೇರಿಸಲಾಗದು. ಆದ್ದರಿಂದ ಮೊದಲು ಲಿವರ್ ಹಾಗೂ ಗ್ರಿಪ್‌ಗಳನ್ನು ಒಳಕ್ಕೆ ಸರಿಸಿ ಕೆಲವು ದಿನ ಸವಾರಿ ಮಾಡಿ ನೋಡುವುದು ಜಾಣತನ. ಆಗ ಹೊರಗುಳಿಯುವ ಕೊಳವೆಯ ಬಾಯಿಗಳನ್ನು ಬಿರಡೆಯಿಂದ ಮುಚ್ಚುವುದು ಕಡ್ಡಾಯ. ಬಿದ್ದಾಗ ತೆರೆದ ಲೋಹದ ತುದಿ ಹೊಟ್ಟೆಗೆ ಚುಚ್ಚಿ ಮಾರಣಾಂತಿಕ ಗಾಯವಾಗಬಹುದು.