ಪ್ರವೇಶ ಹಂತದ ಡಿಎಸ್‌ಎಲ್‌ಆರ್ ಕ್ಯಾಮೆರಾ

ಪ್ರವೇಶ ಹಂತದ ಡಿಎಸ್‌ಎಲ್‌ಆರ್ ಕ್ಯಾಮೆರಾ ಎಂಬುದು ಛಾಯಾಗ್ರಹಣವನ್ನು ಹೊಸದಾಗಿ ಕಲಿಯುವವರನ್ನು ಉದ್ದೇಶಿಸಿ ಕಡಿಮೆ ಬೆಲೆಗೆ ತಯಾರಿಸಲಾದ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ. ಡಿಎಸ್‌ಎಲ್‌ಆರ್ ಎಂಬುದು ‘ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್’ ಎಂಬುದರ ಸಂಕ್ಷಿಪ್ತ ರೂಪ. ಕ್ಯಾನನ್ ಇಓಎಸ್ 300ಡಿ (2003), ನಿಕಾನ್ ಡಿ40 (2006), ಕ್ಯಾನನ್ ಇಓಎಸ್ 1500ಡಿ (2018) ಮತ್ತು ನಿಕಾನ್ ಡಿ3500 (2018) ಈ ವರ್ಗದ ಪರಿಚಿತ ಮಾದರಿಗಳು. ಇವುಗಳಲ್ಲಿ ಚಿತ್ರವನ್ನು ದಾಖಲಿಸುವ ಸೆನ್ಸರ್ ಅನೇಕ ವೇಳೆ ಅದೇ ಕಾಲದ ದುಬಾರಿ ಮಾದರಿಗಳಿಗೆ ಸರಿಸಮನಾಗಿರುತ್ತದೆ. ತಯಾರಕರು ವೆಚ್ಚವನ್ನು ತಗ್ಗಿಸುವುದು ವ್ಯೂಫೈಂಡರ್, ಫೋಕಸ್ ವ್ಯವಸ್ಥೆ, ನಿಯಂತ್ರಣ ಚಕ್ರಗಳು ಮತ್ತು ಹೊರಕವಚದಲ್ಲಿ. ಆದುದರಿಂದ ಇಂತಹ ಕ್ಯಾಮೆರಾ ಕಲಿಕಾರ್ಥಿಗೆ ಸೂಕ್ತವೇ ಎಂಬುದು ಮೆಗಾಪಿಕ್ಸೆಲ್ ಸಂಖ್ಯೆಯಿಂದ ನಿರ್ಧಾರವಾಗುವುದಿಲ್ಲ. ಆತ ತೆಗೆಯಬಯಸುವ ಚಿತ್ರಗಳಿಗೆ ಈ ಕಡಿತಗಳು ಅಡ್ಡಿಯಾಗುತ್ತವೆಯೇ ಎಂಬುದರಿಂದ ನಿರ್ಧಾರವಾಗುತ್ತದೆ.

ಕಾರ್ಯವಿಧಾನ

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಮೂಲಕ ಒಳಬಂದ ಬೆಳಕು 45 ಡಿಗ್ರಿ ಕೋನದಲ್ಲಿರುವ ಕನ್ನಡಿಯ ಮೇಲೆ ಬಿದ್ದು ಮೇಲಕ್ಕೆ ಪ್ರತಿಫಲಿಸುತ್ತದೆ. ಅಲ್ಲಿಂದ ಅದು ಪಟ್ಟಕ ಅಥವಾ ಕನ್ನಡಿಗಳ ಜೋಡಣೆಯೊಂದರ ಮೂಲಕ ಹಾದು ವ್ಯೂಫೈಂಡರನ್ನು ತಲುಪುತ್ತದೆ. ಛಾಯಾಗ್ರಾಹಕ ನೋಡುವುದು ಪರದೆಯ ಮೇಲಿನ ಚಿತ್ರವನ್ನಲ್ಲ, ಲೆನ್ಸಿನಿಂದ ಬಂದ ಬೆಳಕನ್ನೇ. ಗುಂಡಿಯನ್ನು ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಷಟರ್ ತೆರೆದುಕೊಳ್ಳುತ್ತದೆ ಮತ್ತು ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ವ್ಯೂಫೈಂಡರಿಗೆ ವಿದ್ಯುತ್ ಬಹುತೇಕ ಬೇಕಿಲ್ಲದ ಕಾರಣ ಇವುಗಳ ಬ್ಯಾಟರಿ ದೀರ್ಘಕಾಲ ಬಾಳುತ್ತದೆ. ಸಿಪಾ ಮಾನದಂಡದ ಪ್ರಕಾರ ನಿಕಾನ್ ಡಿ3500 ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 1550 ಚಿತ್ರಗಳನ್ನು ತೆಗೆಯಬಲ್ಲದು.

ಪ್ರವೇಶ ಹಂತದ ಮಾದರಿಗಳಲ್ಲಿ ಸಾಮಾನ್ಯವಾಗಿ ಎಪಿಎಸ್-ಸಿ ಗಾತ್ರದ ಸೆನ್ಸರ್ ಇರುತ್ತದೆ. ನಿಕಾನ್ ಡಿ3500ರಲ್ಲಿ ಇದರ ಅಳತೆ 23.5 × 15.6 ಮಿ.ಮೀ., ಕ್ಯಾನನ್ 1500ಡಿಯಲ್ಲಿ 22.3 × 14.9 ಮಿ.ಮೀ. 36 × 24 ಮಿ.ಮೀ. ಅಳತೆಯ ಪೂರ್ಣ ಫ್ರೇಮಿಗಿಂತ ಇದು ಚಿಕ್ಕದಾದುದರಿಂದ ಲೆನ್ಸಿನ ದೃಶ್ಯವ್ಯಾಪ್ತಿ ಕಿರಿದಾಗುತ್ತದೆ. ನಿಕಾನ್‌ನಲ್ಲಿ ಲೆನ್ಸಿನ ನಾಭಿದೂರವನ್ನು 1.5ರಿಂದಲೂ ಕ್ಯಾನನ್‌ನಲ್ಲಿ 1.6ರಿಂದಲೂ ಗುಣಿಸಿದರೆ ಪೂರ್ಣ ಫ್ರೇಮಿನಲ್ಲಿ ಅದಕ್ಕೆ ಸಮನಾದ ವ್ಯಾಪ್ತಿ ದೊರೆಯುತ್ತದೆ.

ಇತಿಹಾಸ

ಕೊಡಕ್ ಸಂಸ್ಥೆ 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾವನ್ನು ಆಧರಿಸಿ, 1.3 ಮೆಗಾಪಿಕ್ಸೆಲ್‌ನ ಡಿಸಿಎಸ್ ಎಂಬ ಡಿಜಿಟಲ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಇದು ಮತ್ತು ಇದರ ನಂತರದ ಮಾದರಿಗಳು ಪತ್ರಿಕಾ ಸಂಸ್ಥೆಗಳಂತಹ ವೃತ್ತಿಪರ ಬಳಕೆದಾರರಿಗೆ ಮಾತ್ರ ಎಟುಕುವ ಬೆಲೆಯಲ್ಲಿದ್ದವು. 1999ರಲ್ಲಿ ಬಂದ ನಿಕಾನ್ ಡಿ1 ಕೂಡ ವೃತ್ತಿಪರರ ಕ್ಯಾಮೆರಾವೇ ಆಗಿತ್ತು.

ಪ್ರವೇಶ ಹಂತ ಎಂಬ ವರ್ಗ ಸ್ಪಷ್ಟವಾಗಿ ರೂಪುಗೊಂಡುದು 2003ರ ಕ್ಯಾನನ್ ಇಓಎಸ್ 300ಡಿ ಮಾದರಿಯೊಂದಿಗೆ. ಅಮೆರಿಕದಲ್ಲಿ ಇದರ ಬೆಲೆ 1000 ಡಾಲರಿಗಿಂತ ಕಡಿಮೆಯಿತ್ತು. ಅದೇ ವರ್ಷದ ಹೆಚ್ಚು ಬೆಲೆಯ ಇಓಎಸ್ 10ಡಿ ಮಾದರಿಯಲ್ಲಿದ್ದಂತೆಯೇ ಇದರಲ್ಲಿಯೂ 6.3 ಮೆಗಾಪಿಕ್ಸೆಲ್ ಸೆನ್ಸರ್ ಇತ್ತು. ಉಳಿತಾಯವಾದದ್ದು ಪ್ಲಾಸ್ಟಿಕ್ ಹೊರಕವಚ, ಗಾಜಿನ ಪಟ್ಟಕದ ಬದಲು ಕನ್ನಡಿಗಳಿದ್ದ ವ್ಯೂಫೈಂಡರ್ ಮತ್ತು ಸೀಮಿತ ನಿಯಂತ್ರಣಗಳಿಂದ. ಮುಂದಿನ ಹದಿನೈದು ವರ್ಷಗಳಲ್ಲಿ ಬಂದ ಬಹುತೇಕ ಮಾದರಿಗಳು ಇದೇ ಸೂತ್ರವನ್ನು ಅನುಸರಿಸಿದವು. ನಿಕಾನ್ 2009ರ ಡಿ3000 ಮಾದರಿಯಲ್ಲಿ, ಹೊಸಬರಿಗೆ ಹಂತಹಂತವಾಗಿ ಸೂಚನೆ ನೀಡುವ ‘ಗೈಡ್ ಮೋಡ್’ ಸೌಲಭ್ಯವನ್ನು ಅಳವಡಿಸಿತು.

ವೆಚ್ಚ ಕಡಿತದ ಸ್ವರೂಪ

ನಿಕಾನ್ ಡಿ3500 ಮಾದರಿಯನ್ನು ಅದೇ ಸಂಸ್ಥೆಯ ಮಧ್ಯಮ ಹಂತದ ಡಿ7200 (2015) ಮಾದರಿಯೊಂದಿಗೆ ಹೋಲಿಸಿದರೆ ವೆಚ್ಚ ಕಡಿತದ ಸ್ವರೂಪ ತಿಳಿಯುತ್ತದೆ. ಎರಡರಲ್ಲಿಯೂ 24.2 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ ಇದೆ. ಒಂದೇ ಲೆನ್ಸ್ ಬಳಸಿ ಒಂದೇ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಮುದ್ರಿಸಿದಾಗ ವ್ಯತ್ಯಾಸ ಗುರುತಿಸುವುದು ಕಷ್ಟ. ಆದರೆ ಈ ಕೆಳಗಿನ ಭೇದಗಳಿವೆ:

• ಫೋಕಸ್ ಬಿಂದುಗಳು: ಡಿ7200ರಲ್ಲಿ 51, ಡಿ3500ರಲ್ಲಿ 11. ಚಲಿಸುವ ವಸ್ತುವನ್ನು ಹಿಂಬಾಲಿಸುವಾಗ ಈ ಭೇದ ಅನುಭವಕ್ಕೆ ಬರುತ್ತದೆ.

• ವ್ಯೂಫೈಂಡರ್: ಡಿ7200ರಲ್ಲಿ ಗಾಜಿನ ಪಟ್ಟಕವಿದ್ದು ದೃಶ್ಯದ ಸುಮಾರು 100 ಪ್ರತಿಶತ ಕಾಣುತ್ತದೆ. ಡಿ3500ರಲ್ಲಿ ಕನ್ನಡಿಗಳ ಜೋಡಣೆಯಿದ್ದು ಸುಮಾರು 95 ಪ್ರತಿಶತ ಮಾತ್ರ ಕಾಣುತ್ತದೆ. ಹೀಗಾಗಿ ನೋಡುವಾಗ ಕಾಣದ ವಸ್ತು ಚಿತ್ರದ ಅಂಚಿನಲ್ಲಿ ಸೇರಿಕೊಳ್ಳಬಹುದು.

• ಫೋಕಸ್ ಮೋಟಾರ್: ಡಿ7200ರ ಒಡಲಿನಲ್ಲಿ ಮೋಟಾರ್ ಇದೆ, ಡಿ3500ರಲ್ಲಿ ಇಲ್ಲ. ಮೋಟಾರ್ ಇಲ್ಲದ ಹಳೆಯ ಲೆನ್ಸುಗಳನ್ನು ಡಿ3500ಕ್ಕೆ ಜೋಡಿಸಿದರೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

• ನಿಯಂತ್ರಣ ಚಕ್ರಗಳು: ಡಿ7200ರಲ್ಲಿ ಎರಡು, ಡಿ3500ರಲ್ಲಿ ಒಂದು. ಪೂರ್ಣ ಮ್ಯಾನುಯಲ್ ವಿಧಾನದಲ್ಲಿ ಅಪರ್ಚರ್ ಬದಲಿಸಲು ಇನ್ನೊಂದು ಗುಂಡಿಯನ್ನು ಒತ್ತಿಹಿಡಿದು ಅದೇ ಚಕ್ರವನ್ನು ತಿರುಗಿಸಬೇಕು.

• ಮೈಕ್ರೊಫೋನ್ ಸಂಪರ್ಕ: ಡಿ7200ರಲ್ಲಿ ಇದೆ, ಡಿ3500ರಲ್ಲಿ ಇಲ್ಲ.

ಪ್ರವೇಶ ಹಂತದ ಮಾದರಿಗೆ ಒಂದು ಅನುಕೂಲವೂ ಇದೆ. ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಸೇರಿ ಡಿ3500ರ ತೂಕ ಸುಮಾರು 415 ಗ್ರಾಂ. ಡಿ7200ರದು ಸುಮಾರು 765 ಗ್ರಾಂ. ಹಗುರವಾದ ಕ್ಯಾಮೆರಾವನ್ನು ಪ್ರತಿದಿನ ಜೊತೆಗೊಯ್ಯುವುದು ಸುಲಭ, ಮತ್ತು ಅಭ್ಯಾಸ ನಡೆಯುವುದು ಜೊತೆಯಲ್ಲಿರುವ ಕ್ಯಾಮೆರಾದಿಂದಲೇ.

ಕಲಿಕೆಯ ಸಾಧನವಾಗಿ

ಛಾಯಾಗ್ರಹಣದ ತಳಹದಿ ಮೂರು ಅಂಶಗಳ ಸಮತೋಲನದಲ್ಲಿದೆ: ಲೆನ್ಸಿನೊಳಗಿನ ಬೆಳಕಿನ ಕಿಂಡಿಯಾದ ಅಪರ್ಚರ್, ಬೆಳಕು ಒಳಬರುವ ಅವಧಿಯನ್ನು ನಿಯಂತ್ರಿಸುವ ಷಟರ್ ವೇಗ, ಮತ್ತು ಸೆನ್ಸರಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು ಸೂಚಿಸುವ ಐಎಸ್‌ಒ. ಅಪರ್ಚರ್ ಹಿಗ್ಗಿದಂತೆ ಹಿನ್ನೆಲೆ ಮಸುಕಾಗುತ್ತದೆ, ಷಟರ್ ವೇಗ ತಗ್ಗಿದಂತೆ ಚಲನೆ ಕದಡುತ್ತದೆ, ಐಎಸ್‌ಒ ಏರಿದಂತೆ ಚಿತ್ರದಲ್ಲಿ ಕಣಗಳು ಹೆಚ್ಚುತ್ತವೆ. ಪ್ರವೇಶ ಹಂತದ ಡಿಎಸ್‌ಎಲ್‌ಆರ್‌ಗಳಲ್ಲಿ ಈ ಮೂರನ್ನೂ ಪ್ರತ್ಯೇಕವಾಗಿ ನಿಯಂತ್ರಿಸಬಹುದು. ಪೂರ್ಣ ಸ್ವಯಂಚಾಲಿತ ವಿಧಾನದಿಂದ ಆರಂಭಿಸಿ ಅಪರ್ಚರ್ ಆದ್ಯತೆ, ಷಟರ್ ಆದ್ಯತೆ ಮತ್ತು ಪೂರ್ಣ ಮ್ಯಾನುಯಲ್ ವಿಧಾನಗಳಿಗೆ ಹೆಜ್ಜೆಹೆಜ್ಜೆಯಾಗಿ ಸಾಗಲು ಅವಕಾಶವಿದೆ. ಸೆನ್ಸರಿನ ದತ್ತಾಂಶವನ್ನು ಸಂಸ್ಕರಿಸದೆ ಉಳಿಸುವ ರಾ ಕಡತಗಳು ದೊರೆಯುವುದರಿಂದ ಚಿತ್ರ ಸಂಸ್ಕರಣೆಯನ್ನೂ ಅಭ್ಯಾಸ ಮಾಡಬಹುದು.

ವ್ಯೂಫೈಂಡರಿನ ಒಂದು ಮಿತಿ ಕಲಿಕೆಯ ಮೇಲೆ ಪ್ರಭಾವ ಬೀರುತ್ತದೆ. ಚಿತ್ರ ಹೆಚ್ಚು ಬೆಳಗಾಗುವುದೋ ಕತ್ತಲಾಗುವುದೋ ಎಂಬುದು ಅದರಲ್ಲಿ ಮುಂಚಿತವಾಗಿ ಕಾಣುವುದಿಲ್ಲ. ಬೆಳಕಿನ ಮಾಪಕವನ್ನು ಓದಿ ಅಂದಾಜು ಮಾಡಬೇಕು, ನಂತರ ತೆಗೆದ ಚಿತ್ರವನ್ನು ಪರಿಶೀಲಿಸಬೇಕು. ಇದು ಮಾಪನವನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಆದರೆ ಫಲಿತಾಂಶ ತಕ್ಷಣ ಬೇಕೆನ್ನುವವರಿಗೆ ಅಡಚಣೆ ಎನಿಸುತ್ತದೆ.

ಚಿತ್ರದ ವಸ್ತು ಮತ್ತು ಲೆನ್ಸ್

ಈ ಕ್ಯಾಮೆರಾಗಳೊಂದಿಗೆ ಸಾಮಾನ್ಯವಾಗಿ 18–55 ಮಿ.ಮೀ. ಎಫ್/3.5–5.6 ಲೆನ್ಸ್ ನೀಡಲಾಗುತ್ತದೆ. ಇದನ್ನು ಕಿಟ್ ಲೆನ್ಸ್ ಎನ್ನುತ್ತಾರೆ. ಹಗಲಿನ ನಿಸರ್ಗ ದೃಶ್ಯ, ದೇವಾಲಯಗಳ ವಾಸ್ತುಶಿಲ್ಪ, ಪ್ರವಾಸ ಮತ್ತು ಕುಟುಂಬದ ಚಿತ್ರಗಳಿಗೆ ಇದು ಸಾಕಾಗುತ್ತದೆ. 24 ಮೆಗಾಪಿಕ್ಸೆಲ್‌ನ ಚಿತ್ರ 6000 × 4000 ಬಿಂದುಗಳಷ್ಟಿರುತ್ತದೆ. ಇಂಚಿಗೆ 300 ಬಿಂದುಗಳಂತೆ ಮುದ್ರಿಸಿದರೂ ಸುಮಾರು 20 × 13 ಇಂಚಿನ ಪ್ರತಿ ದೊರೆಯುತ್ತದೆ.

ಮಂದ ಬೆಳಕಿನ ಚಲನೆಗೆ ಕಿಟ್ ಲೆನ್ಸ್ ಸಾಲದು. ರಾತ್ರಿಯ ಯಕ್ಷಗಾನ ಪ್ರದರ್ಶನದಲ್ಲಿ ವೇಷಧಾರಿ ರಭಸದಿಂದ ಸುತ್ತುತ್ತಿರುವಾಗ, ಎಫ್/5.6ರಲ್ಲಿ ಷಟರ್ ವೇಗ 1/60 ಸೆಕೆಂಡಿಗೆ ಇಳಿದರೆ ಮುಖವೂ ಕಿರೀಟವೂ ಕದಡಿಹೋಗುತ್ತವೆ. ಅದೇ ಬೆಳಕಿನಲ್ಲಿ ಎಫ್/1.8 ಲೆನ್ಸ್ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಬಿಡುವುದರಿಂದ, ಐಎಸ್‌ಒ ಬದಲಿಸದೆಯೇ 1/500 ಸೆಕೆಂಡಿನ ವೇಗ ಸಾಧ್ಯವಾಗುತ್ತದೆ. ಇಲ್ಲಿ ದುಬಾರಿ ಕ್ಯಾಮೆರಾಕ್ಕಿಂತ 35 ಅಥವಾ 50 ಮಿ.ಮೀ.ನ ಎಫ್/1.8 ಲೆನ್ಸ್ ಹೆಚ್ಚು ಪ್ರಯೋಜನಕಾರಿ.

ಪಕ್ಷಿ ಛಾಯಾಗ್ರಹಣದ ಅಗತ್ಯ ಬೇರೆಯದು. ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿಯಿಂದ ಹಾರುವ ಹಕ್ಕಿಯನ್ನು ಸೆರೆಹಿಡಿಯಲು 55 ಮಿ.ಮೀ. ನಾಭಿದೂರ ಏನೇನೂ ಸಾಲದು, 300 ಮಿ.ಮೀ. ಅಥವಾ ಅದಕ್ಕಿಂತ ಉದ್ದದ ಲೆನ್ಸ್ ಬೇಕು. ಎಪಿಎಸ್-ಸಿ ಸೆನ್ಸರಿನ ಕಿರಿದಾದ ವ್ಯಾಪ್ತಿ ಇಲ್ಲಿ ಅನುಕೂಲವಾಗಿ, ನಿಕಾನ್‌ನಲ್ಲಿ 300 ಮಿ.ಮೀ. ಲೆನ್ಸ್ 450 ಮಿ.ಮೀ.ಗೆ ಸಮನಾದ ದೃಶ್ಯವನ್ನು ನೀಡುತ್ತದೆ. ಆದರೆ 9 ಅಥವಾ 11 ಫೋಕಸ್ ಬಿಂದುಗಳ ವ್ಯವಸ್ಥೆ ಹಾರಾಟವನ್ನು ಹಿಂಬಾಲಿಸುವಲ್ಲಿ ಹಲವು ಸಲ ಸೋಲುತ್ತದೆ. ಕುಳಿತ ಹಕ್ಕಿಗೆ ಈ ಕ್ಯಾಮೆರಾ ಸಾಕು; ಹಾರುವ ಹಕ್ಕಿಯೇ ಮುಖ್ಯ ಗುರಿಯಾಗಿದ್ದರೆ ಬೇಗನೆ ಅದರ ಮಿತಿ ಎದುರಾಗುತ್ತದೆ.

ವಿಡಿಯೊ ಮುಖ್ಯವಾಗಿರುವವರಿಗೆ ಈ ವರ್ಗದ ಹೆಚ್ಚಿನ ಮಾದರಿಗಳು ಸೂಕ್ತವಲ್ಲ. ವಿಡಿಯೊ ತೆಗೆಯುವಾಗ ಕನ್ನಡಿ ಮೇಲೆದ್ದಿರುವುದರಿಂದ ಡಿ3500 ಮತ್ತು 1500ಡಿಗಳಲ್ಲಿ ಫೋಕಸ್ ನಿಧಾನವಾಗುತ್ತದೆ. ಹೊರಗಿನ ಮೈಕ್ರೊಫೋನ್ ಜೋಡಿಸಲೂ ಆಗುವುದಿಲ್ಲ. 2019ರ ಕ್ಯಾನನ್ 200ಡಿ ಮಾರ್ಕ್ 2 ಇದಕ್ಕೆ ಅಪವಾದ. ಅದರಲ್ಲಿ ಸೆನ್ಸರಿನಿಂದಲೇ ವೇಗವಾಗಿ ಫೋಕಸ್ ಮಾಡುವ ವ್ಯವಸ್ಥೆ, ತಿರುಗಿಸಬಹುದಾದ ಪರದೆ ಮತ್ತು ಮೈಕ್ರೊಫೋನ್ ಸಂಪರ್ಕಗಳಿವೆ.

ಮೊಬೈಲ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳೊಂದಿಗೆ ಹೋಲಿಕೆ

ಡಿ3500 ಬಿಡುಗಡೆಯಾದ ಕಾಲದ ಅನೇಕ ಮೊಬೈಲ್‌ಗಳ ಮುಖ್ಯ ಸೆನ್ಸರಿನ ವಿಸ್ತೀರ್ಣ ಸುಮಾರು 25 ಚದರ ಮಿ.ಮೀ. ಇದ್ದರೆ, ಡಿ3500ರದು ಸುಮಾರು 366 ಚದರ ಮಿ.ಮೀ. ಮೊಬೈಲ್ ಹಲವು ಚಿತ್ರಗಳನ್ನು ಒಂದುಗೂಡಿಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ನಿಶ್ಚಲ ದೃಶ್ಯವನ್ನು ಪರದೆಯ ಮೇಲೆ ಮಾತ್ರ ನೋಡುವುದಾದರೆ ಇವೆರಡರ ಅಂತರ ಅಲ್ಪ. ದೂರದ ವಸ್ತು, ಹೊರಗಿನ ಫ್ಲಾಶ್ ಬಳಕೆ ಮತ್ತು ದೊಡ್ಡ ಮುದ್ರಣಗಳಲ್ಲಿ ಡಿಎಸ್‌ಎಲ್‌ಆರ್ ಮುಂದಿರುತ್ತದೆ.

ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಯುಗ 2008ರ ಪ್ಯಾನಸಾನಿಕ್ ಲುಮಿಕ್ಸ್ ಜಿ1 ಮಾದರಿಯಿಂದ ಆರಂಭವಾಯಿತು. ಇವುಗಳಲ್ಲಿ ಚಿತ್ರದ ಬೆಳಕು ತೆಗೆಯುವ ಮೊದಲೇ ಪರದೆಯಲ್ಲಿ ಕಾಣುತ್ತದೆ ಮತ್ತು ಇತ್ತೀಚಿನ ಹಲವು ಮಾದರಿಗಳು ಕಣ್ಣನ್ನು ಗುರುತಿಸಿ ಫೋಕಸ್ ಮಾಡುತ್ತವೆ. ಕ್ಯಾನನ್ ಮತ್ತು ನಿಕಾನ್ ಸಂಸ್ಥೆಗಳ ಹೊಸ ಲೆನ್ಸುಗಳು ಈಗ ಮಿರರ್‌ಲೆಸ್ ಮೌಂಟುಗಳಿಗಾಗಿಯೇ ಬರುತ್ತಿವೆ. ಹಳೆಯ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಹೊಸ ಕ್ಯಾಮೆರಾಗಳಿಗೆ ಜೋಡಿಸಬಹುದಾದರೂ, ಹೊಸ ಲೆನ್ಸುಗಳು ಡಿಎಸ್‌ಎಲ್‌ಆರ್‌ಗೆ ಹೊಂದುವುದಿಲ್ಲ. ಇಂದು ಡಿಎಸ್‌ಎಲ್‌ಆರ್ ಆರಿಸುವವರು ವಿಸ್ತಾರವಾದ, ಆದರೆ ಬೆಳವಣಿಗೆ ನಿಂತ ಲೆನ್ಸ್ ಸಮೂಹವೊಂದನ್ನು ಆರಿಸಿಕೊಂಡಂತಾಗುತ್ತದೆ.

ಬಳಸಿದ ಕ್ಯಾಮೆರಾಗಳ ಖರೀದಿ

ಹೊಸ ಮಾದರಿಗಳು ವಿರಳವಾದುದರಿಂದ ವಿದ್ಯಾರ್ಥಿಗಳು ಬಳಸಿದ ಕ್ಯಾಮೆರಾಗಳನ್ನು ಕೊಳ್ಳುವುದುಂಟು. ಆಗ ಈ ಅಂಶಗಳನ್ನು ಪರಿಶೀಲಿಸುವುದು ಅಗತ್ಯ:

• ಷಟರ್ ಎಣಿಕೆ: ಷಟರ್ ಸವೆಯುವ ಯಾಂತ್ರಿಕ ಭಾಗ. ನಿಕಾನ್ ಕ್ಯಾಮೆರಾಗಳಲ್ಲಿ ಈ ಸಂಖ್ಯೆ ಚಿತ್ರದ ಕಡತದಲ್ಲಿಯೇ ದಾಖಲಾಗಿರುತ್ತದೆ.

• ಲೆನ್ಸಿನ ಶಿಲೀಂಧ್ರ: ಕರಾವಳಿ ಮತ್ತು ಮಲೆನಾಡಿನಂತಹ ತೇವದ ಪ್ರದೇಶಗಳಲ್ಲಿ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಶಿಲೀಂಧ್ರ ಬೆಳೆಯುತ್ತದೆ. ಟಾರ್ಚ್ ಬೆಳಕನ್ನು ಹಾಯಿಸಿದರೆ ಇದು ಗೋಚರಿಸುತ್ತದೆ. ಸಿಲಿಕಾ ಜೆಲ್ ಇರಿಸಿದ ಗಾಳಿಯಾಡದ ಡಬ್ಬಿಯಲ್ಲಿ ಸಂಗ್ರಹಿಸುವುದು ಇದನ್ನು ತಡೆಯುವ ಸರಳ ವಿಧಾನ.

• ಲೆನ್ಸ್ ಹೊಂದಾಣಿಕೆ: ನಿಕಾನ್‌ನ ಎಎಫ್-ಪಿ ಲೆನ್ಸುಗಳು ಡಿ3000, ಡಿ3100 ಮತ್ತು ಡಿ3200 ಮಾದರಿಗಳಲ್ಲಿ ಫೋಕಸ್ ಆಗುವುದಿಲ್ಲ. ಕಡಿಮೆ ಬೆಲೆಯ 50 ಮಿ.ಮೀ. ಎಫ್/1.8ಡಿ ಲೆನ್ಸ್, ಒಡಲಿನಲ್ಲಿ ಮೋಟಾರ್ ಇಲ್ಲದ ಕ್ಯಾಮೆರಾಗಳಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ. ಅವುಗಳಿಗೆ ಮೋಟಾರ್ ಇರುವ 1.8ಜಿ ಬೇಕು.

ಸೂಕ್ತತೆಯ ನಿರ್ಣಯ

ಕ್ಯಾಮೆರಾದ ಬೆಲೆಯೊಂದೇ ಒಟ್ಟು ವೆಚ್ಚವಲ್ಲ. ಎರಡನೆಯ ಲೆನ್ಸ್, ಮೆಮೊರಿ ಕಾರ್ಡ್, ಚೀಲ ಮತ್ತು ಚಿತ್ರಗಳನ್ನು ಉಳಿಸುವ ಡಿಸ್ಕ್‌ಗಳ ವೆಚ್ಚವೂ ಸೇರುತ್ತದೆ. ಸೀಮಿತ ಹಣವನ್ನೆಲ್ಲ ಕ್ಯಾಮೆರಾದ ಒಡಲಿಗೆ ವ್ಯಯಿಸಿ ಕಿಟ್ ಲೆನ್ಸಿನಲ್ಲಿಯೇ ಉಳಿಯುವುದಕ್ಕಿಂತ, ಅಗ್ಗದ ಒಡಲಿಗೆ ವಿಷಯಕ್ಕೆ ತಕ್ಕ ಲೆನ್ಸ್ ಜೋಡಿಸುವುದು ಚಿತ್ರದ ಗುಣಮಟ್ಟವನ್ನು ಹೆಚ್ಚು ಸುಧಾರಿಸುತ್ತದೆ.

ಸ್ಥಿರಚಿತ್ರಗಳನ್ನೇ ಮುಖ್ಯವಾಗಿ ತೆಗೆಯುವ, ಹಣ ಸೀಮಿತವಾಗಿರುವ, ಬೆಳಕಿನ ನಿಯಂತ್ರಣವನ್ನು ಮೂಲದಿಂದ ಕಲಿಯಬಯಸುವವರಿಗೆ ಪ್ರವೇಶ ಹಂತದ ಡಿಎಸ್‌ಎಲ್‌ಆರ್ ಇಂದಿಗೂ ಸೂಕ್ತ ಸಾಧನ. ವಿಡಿಯೊ, ಕ್ರೀಡೆ ಅಥವಾ ವೇಗವಾಗಿ ಹಾರುವ ಪಕ್ಷಿಗಳು ಮುಖ್ಯವಾಗಿರುವವರಿಗೆ ಹಾಗೂ ಹಲವು ವರ್ಷಗಳ ಕಾಲ ಹೊಸ ಲೆನ್ಸುಗಳನ್ನು ಕೊಳ್ಳುವ ಉದ್ದೇಶವಿರುವವರಿಗೆ ಮಿರರ್‌ಲೆಸ್ ಹೆಚ್ಚು ಯೋಗ್ಯ. ಚಿತ್ರಗಳನ್ನು ಮೊಬೈಲ್ ಪರದೆಯಲ್ಲಿ ಹಂಚಿಕೊಳ್ಳುವುದಷ್ಟೇ ಉದ್ದೇಶವಾಗಿದ್ದರೆ ಪ್ರತ್ಯೇಕ ಕ್ಯಾಮೆರಾದ ಅಗತ್ಯವೇ ಇರುವುದಿಲ್ಲ.