ಮೋಡ ಕವಿದ ಸಂಜೆಯ ಪಂದ್ಯಾಟ

ಹಗಲಿನ ಕಾಯಕ ಮುಗಿಸಿದ ಮೇಲೆ ಗಂಟೆ ಎರಡು ಗಂಟೆ ಬಯಲಿಗಿಳಿದು ಆಡಿ ಬರುವ ರೂಢಿ ನಮ್ಮ ಊರುಗಳಿಗೆ ಹೊಸದೇನಲ್ಲ. ಶಿವಮೊಗ್ಗ ನಗರದಲ್ಲಾಗಲಿ, ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿಯಲ್ಲಾಗಲಿ, ಸಂಜೆ ಐದರ ಸುಮಾರಿಗೆ ಯಾವುದಾದರೊಂದು ಬಯಲಿನ ಪಕ್ಕದಲ್ಲಿ ಹಾದುಹೋದರೆ ದಾಂಡಿಗೆ ಚೆಂಡು ತಗಲುವ ಸದ್ದು ಕಿವಿಗೆ ಬೀಳುತ್ತದೆ. ಆಡುವವರು ಹೆಸರಾಂತರಲ್ಲ. ಬ್ಯಾಂಕಿನ ಗುಮಾಸ್ತರು, ಅಂಗಡಿ ಇಟ್ಟವರು, ಉಪಾಧ್ಯಾಯರು, ಕಾಲೇಜಿನ ಹುಡುಗರು, ಪಾಳಿ ಮುಗಿಸಿ ಬಂದ ಕಾರ್ಮಿಕರು. ಕಪ್ಪಿಗಾಗಿಯೂ ಹಣಕ್ಕಾಗಿಯೂ ಅಲ್ಲದೆ ಸ್ನೇಹಕ್ಕಾಗಿ ಕೂಡಿದ ತಂಡಗಳಿವು. ಸೋತವರು ಗೆದ್ದವರಿಗೆ ಕಾಫಿ ಕುಡಿಸಿದರೆ ಲೆಕ್ಕ ಚುಕ್ತವಾಯಿತು.

ಇಂತಹ ಆಟದ ನಿಜವಾದ ಪರೀಕ್ಷೆ ನಡೆಯುವುದು ಆಕಾಶ ತಿಳಿಯಾಗಿರುವ ದಿನದಲ್ಲಲ್ಲ. ಮೋಡ ಕವಿದು, ಬೆಳಕು ಕುಗ್ಗಿ, ತುಂತುರು ಹನಿಯತೊಡಗಿ, ಗೆಲುವಿಗೆ ಇನ್ನು ಹತ್ತೇ ಓಟಗಳು ಉಳಿದಿರುವಾಗ 'ಮುಂದುವರಿಸೋಣವೇ, ನಿಲ್ಲಿಸೋಣವೇ?' ಎಂಬ ಪ್ರಶ್ನೆ ಏಳುತ್ತದೆಯಲ್ಲ, ಅಲ್ಲಿ ಆಟಗಾರರ ವಿವೇಕವೂ ಪ್ರಾಮಾಣಿಕತೆಯೂ ಒಟ್ಟಿಗೇ ಒರೆಗೆ ಬೀಳುತ್ತವೆ. ಆ ಪ್ರಶ್ನೆಯನ್ನೇ ನಾವು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಗಡಿಯಾರ ಮತ್ತು ಮೋಡ

ಮೊದಲು ಸಮಯದ ಲೆಕ್ಕವನ್ನು ನೋಡೋಣ. ಒಂದೊಂದು ತಂಡಕ್ಕೆ ಹತ್ತು ಓವರುಗಳಂತೆ ಇಪ್ಪತ್ತು ಓವರುಗಳ ಪಂದ್ಯ ಎಂದಿಟ್ಟುಕೊಳ್ಳಿ. ಓವರಿಗೆ ನಾಲ್ಕು ನಿಮಿಷ ಹಿಡಿದರೆ 80 ನಿಮಿಷ, ತಂಡಗಳು ಸ್ಥಾನ ಬದಲಿಸುವುದಕ್ಕೆ ಹತ್ತು ನಿಮಿಷ. ಐದು ಗಂಟೆಗೆ ಆರಂಭಿಸಿದರೆ ಆರೂವರೆಗೆ ಮುಗಿಯಬೇಕು. ಶಿವಮೊಗ್ಗದ ಕಡೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಸೂರ್ಯ ಮುಳುಗುವುದು ಆರೂ ಮುಕ್ಕಾಲರ ಸುಮಾರಿಗೆ. ಡಿಸೆಂಬರಿನಲ್ಲಾದರೆ ಆರು ಗಂಟೆಯ ಆಸುಪಾಸಿನಲ್ಲೇ. ನಮ್ಮ ಸೀಮೆಯಲ್ಲಿ ಮುಸ್ಸಂಜೆ ದೀರ್ಘಕಾಲ ನಿಲ್ಲುವುದಿಲ್ಲ. ಸೂರ್ಯ ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷಗಳೊಳಗೆ ಕತ್ತಲು ಕವಿಯುತ್ತದೆ. ಹೀಗಿರುವಾಗ ಯಾರೋ ಒಬ್ಬರು ಕಚೇರಿಯಿಂದ ಬರುವುದು ತಡವಾಗಿ ಆಟ ಐದೂವರೆಗೆ ಆರಂಭವಾದರೆ, ಕೊನೆಯ ಓವರುಗಳು ಮಬ್ಬಿನಲ್ಲಿಯೇ ನಡೆಯಬೇಕು. ಮೋಡವಿದ್ದರೆ ಆ ಮಬ್ಬು ಇನ್ನೂ ಮೊದಲೇ ಬರುತ್ತದೆ.

ಮಳೆಯ ವಿಷಯವಂತೂ ಮಲೆನಾಡಿನವರಿಗೆ ಹೇಳಿಕೊಡಬೇಕಾದುದಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರಕ್ಕೆ ಅದರ ಅಲ್ಪಭಾಗ ಮಾತ್ರ ದಕ್ಕುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಮತ್ತಷ್ಟು ತಗ್ಗುತ್ತದೆ. ಆದರೂ ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡೂ ಊರುಗಳಿಗೆ ಒಂದೇ ಬಗೆಯ ಅನುಭವ. ಹಗಲೆಲ್ಲ ನೆಲ ಕಾದು, ತೇವದ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ದಟ್ಟ ಮೋಡ ಕಟ್ಟಿ, ಸಂಜೆಯ ಹೊತ್ತಿಗೆ ಸರಿಯಾಗಿ ಗಾಳಿ, ಗುಡುಗು, ಸಿಡಿಲುಗಳೊಡನೆ ಮಳೆ ಸುರಿಯುತ್ತದೆ. ಪರೀಕ್ಷೆಗಳು ಮುಗಿದು ಹುಡುಗರು ಬಯಲಿಗಿಳಿಯುವ ಕಾಲವೂ ಅದೇ ಆಗಿರುವುದು ಗಮನಿಸಬೇಕಾದ ಸಂಗತಿ.

ಮಬ್ಬು ಬೆಳಕು, ಒದ್ದೆ ಚೆಂಡು

ಮಬ್ಬಿನಲ್ಲಿ ಆಡುವುದು ಸಾಹಸವೆಂದು ಕಿರಿಯರು ತಿಳಿಯುವುದುಂಟು. ತೊಗಲಿನ ಚೆಂಡಿನ ತೂಕ 155 ಗ್ರಾಮಿಗಿಂತ ಕಡಿಮೆ ಇರುವುದಿಲ್ಲ. ಅದು ನೀರು ಹೀರಿದರೆ ಇನ್ನಷ್ಟು ಭಾರವಾಗುತ್ತದೆ, ಬೌಲರನ ಬೆರಳುಗಳಿಂದ ಜಾರುತ್ತದೆ. ಹೀಗೆ ಜಾರಿದ ಚೆಂಡು ನೆಲಕ್ಕೆ ತಾಗದೆ ನೇರವಾಗಿ ದಾಂಡಿಗನ ಮುಖದ ಎತ್ತರಕ್ಕೆ ಬಂದರೆ, ಬೆಳಕು ಕುಂದಿದ ಹೊತ್ತಿನಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ. ಶಿರಸ್ತ್ರಾಣವಿಲ್ಲದೆ ಆಡುವ ಸ್ನೇಹತಂಡಗಳಲ್ಲಿ ಅಪಾಯ ಹೆಚ್ಚು. ಟೆನಿಸ್ ಚೆಂಡಿನಿಂದ ಅಂತಹ ಪೆಟ್ಟು ಬೀಳದಿದ್ದರೂ ಅದರ ಮೇಲಿನ ತುಪ್ಪುಳು ನೀರು ಕುಡಿದು ಪುಟಿತ ಕಳೆದುಕೊಳ್ಳುತ್ತದೆ. ಇನ್ನು ನೆಲ! ಕೆಮ್ಮಣ್ಣಿನ ಬಯಲು ನಾಲ್ಕು ಹನಿಗೇ ಜಾರುಬಂಡೆಯಾಗುತ್ತದೆ. ಓಡಿಬಂದು ಮುಂಗಾಲೂರುವ ಬೌಲರನ ಮಂಡಿ, ಹಿಮ್ಮಡಿಗಳಿಗೆ ಅಲ್ಲಿ ಪೆಟ್ಟಾಗುವುದು ಸುಲಭ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವನಿಗೆ, ಅದರಲ್ಲಿಯೂ ದಿನಗೂಲಿಯವನಿಗೆ, ಉಳುಕಿದ ಒಂದು ಕಾಲಿನ ಬೆಲೆ ಯಾವ ಗೆಲುವಿಗಿಂತಲೂ ದೊಡ್ಡದು.

ದೊಡ್ಡ ಪಂದ್ಯಗಳಲ್ಲಿ ಬೆಳಕು ಕಡಿಮೆಯಾದಾಗ ಆಟ ನಿಲ್ಲಿಸಲು ಒಪ್ಪುವಿರಾ ಎಂದು ಅಂಪೈರರು ಹಿಂದೆ ದಾಂಡಿಗರನ್ನು ಕೇಳುತ್ತಿದ್ದರು. 2010ರಲ್ಲಿ ನಿಯಮ ಬದಲಾದ ಮೇಲೆ ಆ ನಿರ್ಧಾರ ಅಂಪೈರರದೇ ಆಯಿತು. ಗೆಲ್ಲುವ ಆಸೆಯಲ್ಲಿರುವವನ ಕೈಗೆ ಅಪಾಯದ ತೀರ್ಮಾನವನ್ನು ಕೊಡಬಾರದು ಎಂಬ ಪಾಠ ಇದರಲ್ಲಿದೆ. ಸ್ನೇಹತಂಡಗಳೂ ಇದನ್ನು ಅನುಸರಿಸಬಹುದು. ಎರಡೂ ಕಡೆಗೆ ಬೇಕಾದ, ಆ ದಿನ ಆಡದಿರುವ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಅವರು 'ಸಾಕು' ಎಂದರೆ ಎಲ್ಲರೂ ಗೂಟ ಕೀಳುವುದೆಂದು ಮೊದಲೇ ಒಪ್ಪಿಕೊಂಡರಾಯಿತು.

ಸಿಡಿಲಿನೊಡನೆ ಪಂತವಿಲ್ಲ

ಮಳೆಗೆ ನೆನೆಯಬಹುದು, ಸಿಡಿಲಿಗೆ ಮಾತ್ರ ಮೈಯೊಡ್ಡಲಾಗದು. ಬಟ್ಟಬಯಲಿನಲ್ಲಿ ಎಲ್ಲಕ್ಕಿಂತ ಎತ್ತರವಾಗಿ ನಿಂತಿರುವುದು ಆಟಗಾರನೇ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿದರೆ ಸಿಡಿಲಿನ ದೂರ ತಿಳಿಯುತ್ತದೆ. ಶಬ್ದವು ಒಂದು ಕಿಲೋಮೀಟರ್ ಕ್ರಮಿಸಲು ಸುಮಾರು ಮೂರು ಸೆಕೆಂಡು ಬೇಕು. ಎಣಿಕೆ 30ರೊಳಗೆ ಮುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂದಿದೆ ಎಂದರ್ಥ; ಆಟ ಅಲ್ಲಿಗೇ ನಿಲ್ಲಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷಗಳ ತನಕ ಮತ್ತೆ ಬಯಲಿಗಿಳಿಯಬಾರದು. ಸಂಜೆಯ ಪಂದ್ಯಕ್ಕೆ ಅರ್ಧ ಗಂಟೆ ಎಂದರೆ ಪಂದ್ಯವೇ ಮುಗಿದಂತೆ. ಮುಗಿಯಲಿ, ಅದರಿಂದ ಯಾರಿಗೂ ನಷ್ಟವಿಲ್ಲ.

ಓಡಿಹೋಗಿ ಮರದಡಿ ನಿಲ್ಲುವುದು ನಮ್ಮವರಲ್ಲಿ ಬೇರೂರಿದ ಅಭ್ಯಾಸ. ಅದು ಎಲ್ಲಕ್ಕಿಂತ ಅಪಾಯಕರ. ತೆರೆದ ಶಾಮಿಯಾನವೂ ರಕ್ಷಣೆಯಲ್ಲ. ಗೋಡೆ, ಛಾವಣಿಗಳಿರುವ ಪಕ್ಕಾ ಕಟ್ಟಡದೊಳಗೆ, ಇಲ್ಲವೆ ಗಾಜು ಮುಚ್ಚಿದ ಕಾರು, ಬಸ್ಸುಗಳೊಳಗೆ ಕುಳಿತುಕೊಳ್ಳುವುದು ಲೇಸು. ಶಿವಮೊಗ್ಗದಲ್ಲಿ ಆಡಿ ಭದ್ರಾವತಿಗೆ ದ್ವಿಚಕ್ರ ವಾಹನದಲ್ಲಿ ಮರಳುವವರು ಗುಡುಗು ನಿಲ್ಲುವ ತನಕ ಹೊರಡದಿರುವುದೇ ಕ್ಷೇಮ.

ಮಳೆ ಬಂದಾಗ ಗೆದ್ದವರು ಯಾರು?

ಇಲ್ಲಿಗೆ ಜಗಳದ ವಿಷಯಕ್ಕೆ ಬಂದೆವು. ಮೊದಲು ಆಡಿದ ತಂಡ ಹತ್ತು ಓವರುಗಳಲ್ಲಿ 70 ಓಟ ಗಳಿಸಿತು. ಮಳೆ ಬಂದು ನಿಂತು, ಎರಡನೆಯ ತಂಡಕ್ಕೆ ಐದೇ ಓವರುಗಳು ದೊರೆತವು. ಅರ್ಧ ಓವರಿಗೆ ಅರ್ಧ ಓಟವೆಂದು 36ರ ಗುರಿ ಕೊಟ್ಟರೆ ನ್ಯಾಯವೆಂದು ತೋರುತ್ತದೆ. ಆದರೆ ಆ ತಂಡದ ಕೈಯಲ್ಲಿ ಹತ್ತು ವಿಕೆಟುಗಳೂ ಹಾಗೆಯೇ ಇವೆ. ಹತ್ತು ಓವರುಗಳಿಗೆ ಹಂಚಬೇಕಾದ ವಿಕೆಟುಗಳನ್ನು ಐದರಲ್ಲಿಯೇ ಖರ್ಚು ಮಾಡಬಹುದಾದ್ದರಿಂದ ಮೊದಲ ಎಸೆತದಿಂದಲೇ ಬೀಸಿ ಹೊಡೆಯಲು ಅಡ್ಡಿಯಿಲ್ಲ. ತಕ್ಕಡಿ ಎರಡನೆಯ ತಂಡದ ಕಡೆಗೇ ವಾಲುತ್ತದೆ.

ಈ ಕಗ್ಗಂಟು ಜಗತ್ತಿನ ದೊಡ್ಡ ತಂಡಗಳನ್ನೂ ಕಾಡಿತ್ತು. 1992ರ ಮಾರ್ಚ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಸೆಮಿಫೈನಲಿನಲ್ಲಿ ಇಂಗ್ಲೆಂಡಿನ ವಿರುದ್ಧ ದಕ್ಷಿಣ ಆಫ್ರಿಕಕ್ಕೆ 13 ಎಸೆತಗಳಲ್ಲಿ 22 ಓಟ ಬೇಕಾಗಿತ್ತು. ಮಳೆ ಬಂದು ನಿಂತಿತು. ಆಗಿನ ನಿಯಮದಂತೆ ಮೊದಲ ತಂಡ ಅತಿ ಕಡಿಮೆ ಓಟ ಗಳಿಸಿದ್ದ ಓವರುಗಳನ್ನು ಲೆಕ್ಕದಿಂದ ತೆಗೆದಾಗ ಉಳಿದದ್ದು ಒಂದು ಎಸೆತ, ಬೇಕಾದದ್ದು 21 ಓಟ! ಈ ಅನ್ಯಾಯವನ್ನು ಸರಿಪಡಿಸಲು ಫ್ರಾಂಕ್ ಡಕ್ವರ್ತ್ ಮತ್ತು ಟೋನಿ ಲೂಯಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಉಳಿದ ಓವರು, ಉಳಿದ ವಿಕೆಟು ಎರಡನ್ನೂ ತೂಗಿನೋಡುವ ಪದ್ಧತಿಯನ್ನು ರೂಪಿಸಿದರು. 1997ರಲ್ಲಿ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೊದಲು ಬಳಕೆಯಾದ ಅದು ಮುಂದೆ ಸ್ಟೀವನ್ ಸ್ಟರ್ನ್ ಅವರ ತಿದ್ದುಪಡಿಯೊಂದಿಗೆ ಇಂದಿಗೂ ನಡೆದುಬಂದಿದೆ. ಕೇರಳದ ಎಂಜಿನಿಯರ್ ವಿ. ಜಯದೇವನ್ ಅವರೂ ಇದೇ ಉದ್ದೇಶಕ್ಕೆ ಬೇರೊಂದು ಪದ್ಧತಿಯನ್ನು ರಚಿಸಿದ್ದಾರೆ.

ಬಯಲಿನ ಗೆಳೆಯರಿಗೆ ಇಷ್ಟೊಂದು ಗಣಿತ ಬೇಡ. ಅಂತರರಾಷ್ಟ್ರೀಯ ಇಪ್ಪತ್ತು ಓವರುಗಳ ಪಂದ್ಯದಲ್ಲೂ ಎರಡನೆಯ ತಂಡಕ್ಕೆ ಕನಿಷ್ಠ ಐದು ಓವರುಗಳಾದರೂ ದೊರೆಯದಿದ್ದರೆ ಸಾಮಾನ್ಯವಾಗಿ ಫಲಿತಾಂಶ ಘೋಷಿಸುವುದಿಲ್ಲ. ಎಷ್ಟು ಓವರು ಆಡಿದರೆ ಪಂದ್ಯವೆಂದು ಎಣಿಸಬೇಕು, ಅದಕ್ಕಿಂತ ಕಡಿಮೆಯಾದರೆ ಸಮವೆಂದು ಕೈಕುಲುಕಬೇಕು ಎಂಬುದನ್ನು ನಾಣ್ಯ ಚಿಮ್ಮುವ ಮೊದಲೇ ಮಾತಾಡಿಕೊಂಡರೆ ಸಾಕು. ಮಳೆ ಬಂದ ಮೇಲೆ ಮಾಡುವ ನಿಯಮದಲ್ಲಿ ಯಾರಿಗಾದರೂ ಸ್ವಾರ್ಥದ ವಾಸನೆ ಹೊಡೆಯದೆ ಇರದು.

ಭದ್ರಾವತಿಯಲ್ಲಿ ಹುಟ್ಟಿದವರ ಉದಾಹರಣೆ

ಇಷ್ಟೆಲ್ಲ ನಿಯಮ ಮಾಡಿಕೊಂಡರೂ ಒಂದು ತೊಡಕು ಉಳಿಯುತ್ತದೆ. ಸ್ನೇಹಪಂದ್ಯಗಳಲ್ಲಿ ಅಂಪೈರರಾಗಿ ನಿಲ್ಲುವವರು ಬಹುಮಟ್ಟಿಗೆ ಬ್ಯಾಟಿಂಗ್ ತಂಡದವರೇ. ಮಬ್ಬು ಬೆಳಕಿನಲ್ಲಿ ಚೆಂಡು ದಾಂಡಿನ ಅಂಚಿಗೆ ಸವರಿ ಕೀಪರನ ಕೈ ಸೇರಿತು ಎನ್ನಿ. ಅಂಪೈರನಿಗೆ ಕಂಡಿಲ್ಲ. ಸದ್ದು ಗಾಳಿಗೆ ಕೊಚ್ಚಿಹೋಗಿದೆ. ನಿಜ ಗೊತ್ತಿರುವುದು ದಾಂಡಿಗನೊಬ್ಬನಿಗೆ ಮಾತ್ರ. ಅಥವಾ ಅಂಪೈರ್ ಔಟ್ ಕೊಟ್ಟಿದ್ದಾನೆ, ಚೆಂಡು ತಾಗಿಲ್ಲವೆಂಬುದು ಎದುರು ಪಾಳೆಯದ ನಾಯಕನಿಗೆ ಗೊತ್ತಿದೆ. ಆಗ ಏನು ಮಾಡಬೇಕು?

ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇವುಗಳಿಂದ ನಾಡಿಗೆಲ್ಲ ಪರಿಚಿತವಾದ ಭದ್ರಾವತಿಯಲ್ಲಿ 1949ರ ಫೆಬ್ರವರಿ 12ರಂದು ಗುಂಡಪ್ಪ ರಂಗನಾಥ ವಿಶ್ವನಾಥ್ ಅವರು ಜನಿಸಿದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನಲ್ಲಿ ಒಂದು ಇನಿಂಗ್ಸಿನಲ್ಲಿ ಸೊನ್ನೆ, ಮತ್ತೊಂದರಲ್ಲಿ 137 ಗಳಿಸಿದವರು ಅವರು. 91 ಟೆಸ್ಟುಗಳಲ್ಲಿ 6,080 ಓಟ, 14 ಶತಕ ಅವರ ಗಳಿಕೆ. ಆದರೆ ಕ್ರಿಕೆಟ್ ಬಲ್ಲವರು ಅವರನ್ನು ನೆನೆಯುವುದು ಓಟಗಳಿಗಾಗಿ ಮಾತ್ರವಲ್ಲ.

1980ರ ಫೆಬ್ರವರಿಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ ಮುಂಬೈಯಲ್ಲಿ ಇಂಗ್ಲೆಂಡಿನೊಡನೆ ಒಂದು ಟೆಸ್ಟ್ ಪಂದ್ಯ ನಡೆಯಿತು. ವಿಶ್ವನಾಥ್ ಅವರೇ ಭಾರತದ ನಾಯಕರು. ಫೆಬ್ರವರಿ 16ರಂದು ನಮ್ಮ ಉತ್ತರ ಕರ್ನಾಟಕದ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣವನ್ನು ಹಿರಿಯ ವಾಚಕರು ಮರೆತಿರಲಾರರು. ಆ ಗ್ರಹಣದ ದಿನವನ್ನೇ ಪಂದ್ಯದ ವಿರಾಮದ ದಿನವನ್ನಾಗಿ ಮಾಡಲಾಗಿತ್ತು. ಭಾರತದ 242 ಓಟಗಳಿಗೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಆ ಮೇಲೆ ಇಯಾನ್ ಬಾಥಮ್ ಜೊತೆಗೂಡಿದ್ದ ಬಾಬ್ ಟೇಲರ್ ಕೀಪರಿಗೆ ಕ್ಯಾಚಿತ್ತರೆಂದು ಅಂಪೈರ್ ಔಟ್ ಕೊಟ್ಟರು. ಚೆಂಡು ದಾಂಡಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಮನವಿಯನ್ನು ಹಿಂತೆಗೆದುಕೊಂಡು ಟೇಲರರನ್ನು ಮರಳಿ ಕರೆದರು.

ಬಾಥಮ್ ಮತ್ತು ಟೇಲರ್ ಆ ಜೊತೆಯಾಟವನ್ನು 171 ಓಟಗಳಿಗೆ ಬೆಳೆಸಿದರು. ಭಾರತ ಹತ್ತು ವಿಕೆಟುಗಳಿಂದ ಸೋತಿತು. ನಾಯಕರಾಗಿ ವಿಶ್ವನಾಥ್ ಆಡಿದ ಕೊನೆಯ ಟೆಸ್ಟ್ ಅದೇ ಆಯಿತು. ಆಟದ ಸ್ಫೂರ್ತಿಯನ್ನು ಕುರಿತ ಪೀಠಿಕೆ ಕ್ರಿಕೆಟ್ ನಿಯಮಾವಳಿಯಲ್ಲಿ ಸೇರಿದ್ದು 2000ದಲ್ಲಿ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಆ ಸ್ಫೂರ್ತಿಗೆ ನಮ್ಮ ನಾಡಿನವರು ಬೆಲೆ ತೆತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಅದು ಸೋಲು. ನಾಲ್ಕು ದಶಕಗಳ ಅನಂತರವೂ ಆ ಪಂದ್ಯವೆಂದರೆ ಜನ ಬಾಥಮರ ಶತಕದೊಂದಿಗೆ ವಿಶ್ವನಾಥರ ಕರೆಯನ್ನೂ ನೆನೆಯುತ್ತಾರೆ.

ಮನೆಯವರಲ್ಲಿ ಒಂದು ಮಾತು

'ಮಳೆ ಬರುವ ಹಾಗಿದೆ, ಆಡಲು ಹೋಗಬೇಡ' ಎಂದು ಮಕ್ಕಳನ್ನು ತಡೆಯುವ ತಾಯ್ತಂದೆಯರ ಕಳವಳ ನಮಗೆ ಅರ್ಥವಾಗುತ್ತದೆ. ಆದರೆ ಬಯಲು ಕಲಿಸುವುದನ್ನು ಮನೆಯ ನಾಲ್ಕು ಗೋಡೆಗಳು ಕಲಿಸಲಾರವು. ಹೋಗಲಿ, ಆಡಲಿ. ಹೋಗುವಾಗ ಗುಡುಗು ಕೇಳಿದರೆ ಎಲ್ಲಿ ನಿಲ್ಲಬೇಕೆಂಬುದನ್ನು ತಿಳಿಸಿಕೊಟ್ಟಿರೋಣ. ಚೀಲದಲ್ಲಿ ಒಣಬಟ್ಟೆಯೊಂದನ್ನು ಇಟ್ಟು ಕಳುಹಿಸೋಣ. ಹಿಂದಿರುಗಿದಾಗ 'ಗೆದ್ದೆಯಾ?' ಎಂದು ಕೇಳುವ ಮೊದಲು 'ಎಲ್ಲರೂ ಕ್ಷೇಮವಾಗಿ ಮನೆ ಸೇರಿದರೇ?' ಎಂದು ವಿಚಾರಿಸೋಣ. ಅಂಚಿಗೆ ತಾಗಿದ್ದನ್ನು ಒಪ್ಪಿಕೊಂಡು ತಾನಾಗಿ ಹೊರನಡೆದೆನೆಂದು ಮಗನೋ ಮಗಳೋ ಹೇಳಿದರೆ, ಆ ಒಂದು ವಿಕೆಟಿನಿಂದ ಪಂದ್ಯ ಕೈತಪ್ಪಿದ್ದರೂ ಬೆನ್ನು ತಟ್ಟೋಣ.