ಹಳೇ ಲ್ಯಾಪ್‌ಟಾಪ್ ಗುಜರಿಗೇ ಹೋಗಬೇಕೇ?

ಪ್ರಶ್ನೆ: ನನ್ನ 2014ರ ಲ್ಯಾಪ್‌ಟಾಪ್ ವಿಂಡೋಸ್ 11 ಹಾಕಿಸಿಕೊಳ್ಳುತ್ತಿಲ್ಲ. ಗುಜರಿಗೆ ಕೊಟ್ಟುಬಿಡಲೇ?

ಉತ್ತರ: ಅವಸರ ಬೇಡ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಕೇಳುತ್ತದೆ. ಅವಿಲ್ಲವೆಂದ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎಂದಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ.

ಮೊದಲು ಗರಗರ ಸದ್ದಿನ ಹಾರ್ಡ್ ಡಿಸ್ಕ್ ತೆಗೆಸಿ ಎಸ್ಎಸ್‌ಡಿ ಹಾಕಿಸಿ. ತೆವಳುತ್ತಿದ್ದ ಯಂತ್ರ ಓಡತೊಡಗುತ್ತದೆ. ನನ್ನ ಪ್ರಕಾರ ಇದಕ್ಕಿಂತ ಲಾಭದ ಖರ್ಚಿಲ್ಲ. ಆಮೇಲೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲುಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಳ್ಳಿ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಒಗ್ಗಿದರೆ ಉಳಿಸಿಕೊಳ್ಳಬಹುದು. ಬರವಣಿಗೆಗೆ ಲಿಬ್ರೆಆಫೀಸ್ ಇದೆ, ಅದರಲ್ಲಿ ಯೂನಿಕೋಡ್ ಕನ್ನಡ ಸಲೀಸು. ಮಕ್ಕಳ ಪಾಠಕ್ಕೆ, ಅಜ್ಜಿಯ ಯಕ್ಷಗಾನದ ವಿಡಿಯೊಗೆ ಧಾರಾಳ ಸಾಕು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಇಂದೇ ತೆಗೆಸಿ.